ಮಲಪ್ರಭಾ ಮಾಡೆಲ್‌ನ ಹರಿವು ನದಿ ಹರಿವಿಗೆ ತಾಳೆ ಆಗವಲ್ದು ಅಂದ್ರ ಎಲ್ಲಿಂದ ಹುಡುಕಬೇಕು

ಸ್ವಾಟ್ (SWAT) ಅಂದ್ರ ಮಳಿ, ಮಣ್ಣಿನ ಡೇಟಾ ಕೊಟ್ರ ನದಿ ಹರಿವಿನ ಲೆಕ್ಕ ಹಾಕೂ ಸಾಫ್ಟ್‌ವೇರ್. ಅದರಾಗ ಮಲಪ್ರಭಾ ಕೊಳ್ಳದ ಮಾಡೆಲ್ ಕಟ್ಟಿದ್ರಿ, ರನ್ ಆತು, ಎರರ್ ಏನೂ ಬರ್ಲಿಲ್ಲ, ಆದ್ರ ಮಾಡೆಲ್ ಹೇಳೂ ಹರಿವಿನ ಗೆರಿ ಒಂದು ಕಡೆ, ಖಾನಾಪುರ ಗೇಜಿನ (ನದಿ ಹರಿವು ಅಳಿಯೂ ಜಾಗಾ) ಗೆರಿ ಇನ್ನೊಂದು ಕಡೆ. ಬೆಳಗಾವಿ, ಬಾಗಲಕೋಟಿ ಕಡೆ ಎಂಟೆಕ್ ಪ್ರಾಜೆಕ್ಟ್ ಮಾಡೋರು, ನೀರಾವರಿ ಲೆಕ್ಕದ ಕೆಲಸಕ್ಕ ಹೊಸದಾಗಿ ಬಂದೋರು ಭಾಳ ಮಂದಿ ಇದ ಜಾಗಾದಾಗ ಸಿಕ್ಕೊಂಡು ಕೇಳ್ತಾರ. ಕೇಳೂಕಿಂತ ಮೊದಲ ಹೆಚ್ಚಿನೋರು ಮಾಡಿರೂ ಕೆಲಸಾ ಅಂದ್ರ ಸ್ವಾಟ್-ಕಪ್ ಅನ್ನೂ ಜೋಡಿ ಸಾಫ್ಟ್‌ವೇರ್ ತಗದು ಕ್ಯಾಲಿಬ್ರೇಷನ್ (ಮಾಡೆಲ್ ಒಳಗಿನ ಅಂಕಿ, ಅಂದ್ರ ಪ್ಯಾರಾಮೀಟರ್ ತಿದ್ದಿ ಗೇಜಿಗೆ ಕೂಡಿಸೂದು) ಹಚ್ಚಿ ರಾತ್ರಿ ಪೂರಾ ಓಡಿಸೂದು. ಅದನ್ನ ಕಡೀಕ ಇಟ್ಕೋರಿ. ಕ್ಯಾಲಿಬ್ರೇಷನ್‌ಗೆ ದೋಷ ಎಲ್ಲೈತಿ ಅನ್ನೂದು ಗೊತ್ತಾಗೂದಿಲ್ಲ, ಅದು ಪ್ಯಾರಾಮೀಟರ್ ಜಗ್ಗಿ ಜಗ್ಗಿ ಗೆರಿ ಕೂಡಿಸಾಕ ನೋಡ್ತೈತಿ ಅಷ್ಟ. ಮಳಿ ಡೇಟಾ ಕಡಿಮಿ ಇದ್ರ ಸಿಎನ್2 (ಬಿದ್ದ ಮಳಿಯೊಳಗ ಎಷ್ಟು ಹರಿದು ಹೋಗತೈತಿ ಅನ್ನೂ ಅಂಕಿ) ಮ್ಯಾಲಿನ ಮಿತಿಗೆ ಹೋಗಿ ಕುಂಡರ್ತೈತಿ, ಎಸ್ಕೋ 1ರ ಹತ್ರ ಹೋಗತೈತಿ, ಅಂದ್ರ ಮಣ್ಣಿಂದ ಆವಿ ಆಗೂದನ್ನ ಕಡಿಮಿ ಮಾಡಿ ಇಲ್ಲದ ನೀರು ಹುಟ್ಟಿಸಾಕತ್ತೈತಿ ಅಂತ ಅರ್ಥ. ಎನ್‌ಎಸ್‌ಇ (ಮಾಡೆಲ್ ಗೆರಿ ಗೇಜಿಗೆ ಎಷ್ಟು ಕೂಡೇತಿ ಅನ್ನೂ ಅಂಕಿ, 1 ಅಂದ್ರ ಪೂರ್ತಿ ತಾಳೆ) 0.7 ಬಂತು ಅಂತ ಖುಷಿ ಪಡ್ತೀವಿ, ಮುಂದಿನ ವರ್ಷದ ಮಳಿ ಕೊಟ್ರ ಅದ ಮಾಡೆಲ್ ದಾರಿ ತಪ್ಪತೈತಿ. ಇಂಥಾ ಮಾಡೆಲ್ ನೋಡಿ ನಾಳೆ ಯಾರೋ ನವಿಲುತೀರ್ಥ ಡ್ಯಾಮಿನ ಗೇಟ್ ಯಾವಾಗ ತೆಗೀಬೇಕು, ಕೆಳಗಿನ ರಾಮದುರ್ಗದ ಮಂದೀಗೆ ಯಾವಾಗ ಹೇಳಬೇಕು ಅಂತ ತೀರ್ಮಾನ ಮಾಡಬಹುದು. ಅದಕ್ಕ ದೋಷ ಎಲ್ಲೈತಿ ಅಂತ ಮೊದಲ ಗೊತ್ತಾಗಬೇಕು, ಗೆರಿ ಕೂಡೂದು ಆಮ್ಯಾಲಿಂದು.

ನಾ ಬರಿಯೂ ಹೆಸರೆಲ್ಲಾ ಸ್ವಾಟ್ 2012ರವು, ಸ್ವಾಟ್ ಪ್ಲಸ್‌ದಾಗ ಫೈಲ್ ಹೆಸರು ಬ್ಯಾರೆ ಅದಾವು, ಹುಡುಕೂ ಹಾದಿ ಮಾತ್ರ ಅದ.

ಮೊದಲ ದೋಷದ ಗುರುತು ಹಿಡೀರಿ

ದಿನದ ಗ್ರಾಫ್ ನೋಡಬ್ಯಾಡ್ರಿ, ಕಣ್ಣಿಗೆ ಏನೂ ಹತ್ತೂದಿಲ್ಲ. ತಿಂಗಳ ಸರಾಸರಿ ಮಾಡಿ ನೋಡ್ರಿ. ವರ್ಷದ ಒಟ್ಟು ನೀರ ಕಡಿಮಿ ಅಥವಾ ಹೆಚ್ಚು ಬರ್ತೈತೇನು? ಒಟ್ಟು ಸರಿ ಇದ್ದು ತಿಂಗಳು ಆಚೀಚಿ ಆಗೇತೇನು, ಅಂದ್ರ ಜೂನ್‌ದಾಗ ಹೆಚ್ಚು ಸೆಪ್ಟೆಂಬರ್‌ದಾಗ ಕಡಿಮಿ ಹಿಂಗ? ತಿಂಗಳು ಕೂಡೇತಿ, ಆದ್ರ ದಿನದ ಲೆಕ್ಕಕ್ಕ ಹೋದ ಕೂಡಲೆ ಕೆಡ್ತೈತೇನು? ಇಲ್ಲಾ ಮಳಿಗಾಲ ಚಲೋ ಐತಿ, ಬ್ಯಾಸಗಿ ಅಷ್ಟ ಕೂಡವಲ್ದೇನು? ಒಂದೊಂದಕ್ಕೂ ಕಾರಣ ಬ್ಯಾರೆ ಬ್ಯಾರೆ, ಹುಡುಕೂ ಜಾಗಾನೂ ಬ್ಯಾರೆ. ಬರೇ ಮೊದಲನೇ ಒಂದೆರಡು ವರ್ಷ ಕೆಟ್ಟು ಆಮ್ಯಾಲೆ ಸರಿ ಆತು ಅಂದ್ರ ವಾರ್ಮ್-ಅಪ್ (ಮಾಡೆಲ್ ಹದಕ್ಕ ಬರೂ ಕಾಲ) ಸಾಲವಲ್ದು, ಎನ್‌ವೈಸ್ಕಿಪ್ (ಮೊದಲ ಎಷ್ಟು ವರ್ಷ ಲೆಕ್ಕದಿಂದ ಬಿಡಬೇಕು ಅನ್ನೂ ಅಂಕಿ) ಎರಡು ಮೂರು ವರ್ಷ ಕೊಡ್ರಿ, ಅಲ್ಲಿಗೆ ಮುಗೀತು.

ಗ್ರಾಫ್‌ದಾಗ ಗೆರಿ ಆಕಾರ ಒಂದ ನಮೂನಿ ಇದ್ದು ಎತ್ತರ ಅಷ್ಟ ಬ್ಯಾರೆ ಇದ್ರ, ಮಾಡೆಲ್ ಸರಾಸರೀನ ಗೇಜ್ ಸರಾಸರಿಯಿಂದ ಭಾಗಿಸಿ ನೋಡ್ರಿ. 35ರ ಆಸುಪಾಸು ಪಟ್ಟು ಫರಕ ಬಂದ್ರ ಒಂದು ಕಡೆ ಕ್ಯೂಸೆಕ್ (ಸೆಕೆಂಡಿಗೆ ಘನ ಅಡಿ), ಇನ್ನೊಂದು ಕಡೆ ಕ್ಯುಮೆಕ್ (ಸೆಕೆಂಡಿಗೆ ಘನ ಮೀಟರ್) ಐತಿ, ಯಾಕಂದ್ರ 1 ಕ್ಯುಮೆಕ್ ಅಂದ್ರ 35.31 ಕ್ಯೂಸೆಕ್. ನಮ್ಮ ಕಡೆ ಡ್ಯಾಮ್ ಲೆಕ್ಕ ಎಲ್ಲಾ ಅಡಿ, ಕ್ಯೂಸೆಕ್, ಟಿಎಂಸಿಯೊಳಗ (ನೂರು ಕೋಟಿ ಘನ ಅಡಿ) ಇರ್ತೈತಿ, ಸ್ವಾಟ್‌ಗೆ ಮೀಟರ್ ಲೆಕ್ಕ ಬೇಕು. ದಿನಪೂರ್ತಿ 11,574 ಕ್ಯೂಸೆಕ್ ಹರಿದ್ರ 1 ಟಿಎಂಸಿ, ಇದೊಂದು ಅಂಕಿ ಬಾಯಿಪಾಠ ಇದ್ರ ಅರ್ಧ ಅನುಮಾನ ಅಲ್ಲೇ ಬಗೀಹರಿತಾವು.

ಯುನಿಟ್ ವಿಷಯದಾಗ ಎಲ್ಲಾಕ್ಕಿಂತ ಹೆಚ್ಚು ಮಂದಿ ಬೀಳೂ ತಗ್ಗು ಅಂದ್ರ ರಿಸರ್ವಾಯರ್ ಫೈಲ್. ರೇಣುಕಾ ಸಾಗರದ (ನವಿಲುತೀರ್ಥ ಡ್ಯಾಮಿನ ಜಲಾಶಯ) ಸಾಮರ್ಥ್ಯ 37.73 ಟಿಎಂಸಿ, 1 ಟಿಎಂಸಿಗೆ 28.317 ದಶಲಕ್ಷ ಘನ ಮೀಟರ್, ಗುಣಿಸಿದ್ರ ಸುಮಾರು 1,068 ದಶಲಕ್ಷ ಘನ ಮೀಟರ್ ಬರ್ತೈತಿ. ಇದನ್ನ ಹಂಗ 1068 ಅಂತ ತುಂಬಿಬಿಡ್ತಾರ. ಆದ್ರ ಸ್ವಾಟ್ ಕೇಳೂದು ಹತ್ತು ಸಾವಿರ ಘನ ಮೀಟರ್ ಲೆಕ್ಕದಾಗ, ಅಂದ್ರ ಅಲ್ಲಿ ಇರಬೇಕಾಗಿದ್ದು ಸುಮಾರು 1,06,800. ಹಿಂಗ ನೂರು ಪಟ್ಟು ಸಣ್ಣ ಡ್ಯಾಮ್ ಕೊಟ್ರ ಅದು ಒಂದು ಕೆರಿ ಲೆಕ್ಕ, ಜುಲೈದಾಗ ತುಂಬಿ ಹೊರಗ ಬಿಡ್ತೈತಿ, ಎರರ್ ಮೆಸೇಜ್ ಒಂದೂ ಬರೂದಿಲ್ಲ. ಮಾಡೆಲ್‌ನ ಡ್ಯಾಮ್ ಕೆಲವ ದಿನದಾಗ ತುಂಬಿತು ಅಂದ್ರ ಮೊದಲ ಈ ಫೈಲ್ ತಗದು ನೋಡ್ರಿ. ತುಂಬಿದ ಮಟ್ಟ 2079.50 ಅಡಿ ಅಂದ್ರ 633.83 ಮೀಟರ್, ಅದನ್ನೂ ಒಮ್ಮಿ ತಾಳೆ ನೋಡ್ಕೋರಿ.

ಒಟ್ಟು ನೀರ ಕಡಿಮಿ ಬಂದ್ರ: ಕಣಕುಂಬಿ ಮಳಿ

ಮಲಪ್ರಭಾಕ್ಕ ಮಳಿ ಲೆಕ್ಕಾನ ಜೀವಾಳ. ನದಿ ಹುಟ್ಟೂದು ಖಾನಾಪುರ ತಾಲೂಕಿನ ಕಣಕುಂಬಿಯೊಳಗ, ಘಟ್ಟದ ಅಂಚಿನ್ಯಾಗ, ಅಲ್ಲಿ ಮಳಿಗಾಲ ಅಂದ್ರ ತಿಂಗಳುಗಟ್ಟಲೆ ಬಿಡದ ಸುರಿಯೂ ಮಳಿ. ಅಲ್ಲಿಂದ ಪೂರ್ವಕ್ಕ ಖಾನಾಪುರಕ್ಕ ಬಂದ್ರ ಅರ್ಧಕ್ಕಿಂತ ಕಡಿಮಿ ಆಗತೈತಿ, ಸವದತ್ತಿಗೆ ಹೋದ್ರ ಒಣ ಬಯಲು ಸೀಮಿ. ಡ್ಯಾಮಿಗೆ ಬರೂ ನೀರಿನ ದೊಡ್ಡ ಪಾಲು ಪಶ್ಚಿಮದ ಆ ಸಣ್ಣ ಕಾಡಿನ ಪಟ್ಟಿಯಿಂದನ ಬರ್ತೈತಿ. ಸ್ವಾಟ್ ಏನ್ ಮಾಡ್ತೈತಿ ಅಂದ್ರ ಒಂದೊಂದು ಸಬ್‌ಬೇಸಿನ್ನಿನ (ಕೊಳ್ಳದ ಸಣ್ಣ ತುಂಡು) ನಟ್ಟನಡುವಿನ ಬಿಂದು ಹಿಡದು ಅದಕ್ಕ ಹತ್ತಿರದ ಮಳಿ ಮಾಪಕ ಯಾವುದು ನೋಡಿ ಅದೊಂದನ್ನ ಇಡೀ ಸಬ್‌ಬೇಸಿನ್ನಿಗೆ ಹಚ್ಚತೈತಿ. ಸಬ್‌ಬೇಸಿನ್ ದೊಡ್ಡದಾಗಿ ಕೊರದಿದ್ರ ನಡು ಬಿಂದು ಖಾನಾಪುರದ ಕಡೆ ಸರಿದಿರ್ತೈತಿ, ಕಣಕುಂಬಿ ಡೇಟಾ ನೀವು ಕೊಟ್ಟಿದ್ರೂ ಮಾಡೆಲ್ ಅದನ್ನ ಮುಟ್ಟಿರೂದಿಲ್ಲ. ಯಾವ ಸಬ್‌ಬೇಸಿನ್ನಿಗೆ ಯಾವ ಮಾಪಕ ಹತ್ತೇತಿ ಅನ್ನೂದು ಡಾಟ್ ಸಬ್ ಫೈಲ್‌ದಾಗ ಬರದಿರ್ತೈತಿ, ಒಂದೊಂದಾಗಿ ತಗದು ಕಣ್ಣಾರೆ ನೋಡ್ರಿ.

ಮಳಿ ಕಡಿಮಿ ಐತೋ ಇಲ್ಲೋ ಅಂತ ಸಿದ್ಧ ಮಾಡಾಕ ಒಂದು ಕೈಲೆಕ್ಕ ಐತಿ, ಇದನ್ನ ಮಾಡದ ಮುಂದಕ್ಕ ಹೋಗಬ್ಯಾಡ್ರಿ. ಉದಾಹರಣೆಗೆ ಗೇಜಿನ ಮ್ಯಾಲಿನ ಜಲಾನಯನ 500 ಚದರ ಕಿಲೋಮೀಟರ್ ಐತಿ, ಜುಲೈ ತಿಂಗಳ ಸರಾಸರಿ ಹರಿವು 150 ಕ್ಯುಮೆಕ್ ಐತಿ ಅಂತ ಹಿಡೀರಿ. 150ನ್ನ 86,400ರಿಂದ ಗುಣಿಸಿ, 31 ದಿನದಿಂದ ಗುಣಿಸಿದ್ರ ಸುಮಾರು 40.2 ಕೋಟಿ ಘನ ಮೀಟರ್ ಆತು. ಅದನ್ನ 500 ಚದರ ಕಿಲೋಮೀಟರ್ ಮ್ಯಾಲೆ ಹರಡಿದ್ರ 803 ಮಿಲಿಮೀಟರ್. ಈಗ ಮಾಡೆಲ್ ಆ ಜುಲೈಗೆ ಎಷ್ಟು ಮಳಿ ತಗೊಂಡೇತಿ ನೋಡ್ರಿ, ಅಲ್ಲಿ 700 ಮಿಲಿಮೀಟರ್ ಇದ್ರ ಮಾತೇ ಮುಗೀತು, ಬಿದ್ದ ಮಳಿಗಿಂತ ಹರಿದ ನೀರ ಹೆಚ್ಚು ಇರಾಕ ಸಾಧ್ಯ ಇಲ್ಲ, ಆವಿ ಆಗಿದ್ದು ಮಣ್ಣಿಗೆ ಇಳಿದಿದ್ದು ಇನ್ನೂ ಲೆಕ್ಕಕ್ಕ ಹಿಡದಿಲ್ಲ. ಯಾವ ಪ್ಯಾರಾಮೀಟರ್ ತಿರುವಿದ್ರೂ ಈ ಕೊರತಿ ತುಂಬೂದಿಲ್ಲ, ಮಳಿ ಡೇಟಾನ ಬದಲಿ ಮಾಡಬೇಕು.

ಇಲ್ಲಿ ಕೆಲವರು ಎತ್ತರದ ಪಟ್ಟಿ ಹಾಕಿ, ಎತ್ತರ ಏರಿದಂಗ ಮಳಿ ಏರೂ ಹಂಗ ಪಿಲ್ಯಾಪ್ಸ್ ಅನ್ನೂ ಅಂಕಿ ಕೊಡ್ತಾರ. ಹಿಮಾಲಯದಾಗ ಅದು ಉಪಯೋಗಕ್ಕ ಬರಬಹುದು, ನಮ್ಮಲ್ಲಿ ಬರೂದಿಲ್ಲ. ಕಣಕುಂಬಿ ಸಮುದ್ರಮಟ್ಟದಿಂದ ಹೆಚ್ಚುಕಡಿಮಿ 800 ಮೀಟರ್, ಬೆಳಗಾವಿ ಊರು 750ರ ಆಸುಪಾಸು, ಎತ್ತರದಾಗ ಹೇಳಿಕೊಳ್ಳೂವಂಥಾ ಫರಕ ಇಲ್ಲ, ಮಳಿ ನೋಡಿದ್ರ ಎಷ್ಟೋ ಪಟ್ಟು ಫರಕ. ಇಲ್ಲಿ ಮಳಿ ಇಳಿಯೂದು ಘಟ್ಟದ ಅಂಚಿನಿಂದ ಪೂರ್ವಕ್ಕ ಎಷ್ಟು ದೂರ ಬಂದ್ರಿ ಅನ್ನೂದರ ಮ್ಯಾಲೆ. ಅದಕ್ಕ ಸಬ್‌ಬೇಸಿನ್ ಪಶ್ಚಿಮದ ಕಡೆ ಸಣ್ಣ ಸಣ್ಣದಾಗಿ ಕೊರೀರಿ, ನೆಲದ ಮ್ಯಾಲಿನ ಮಾಪಕದ ಡೇಟಾ ಎಷ್ಟು ಸಿಗತೈತಿ ಅಷ್ಟೂ ಹಾಕ್ರಿ. ಹವಾಮಾನ ಇಲಾಖೆಯ 0.25 ಡಿಗ್ರಿ ಗ್ರಿಡ್ ಡೇಟಾ ಚಲೋ ಐತಿ, 1901ರಿಂದ ಸಿಗತೈತಿ, ಆದ್ರ ಒಂದೊಂದು ಚೌಕ ಹೆಚ್ಚುಕಡಿಮಿ 27 ಕಿಲೋಮೀಟರ್ ಅಗಲ. ಘಟ್ಟದ ಧೋ ಅನ್ನೂ ಮಳಿ, ಅದರ ಪೂರ್ವದ ಸಾಧಾರಣ ಮಳಿ ಎರಡೂ ಒಂದ ಚೌಕದಾಗ ಕಲತು ಸಪಾಟ ಆಗಿಬಿಡ್ತಾವು. ಸವದತ್ತಿ, ಬದಾಮಿ ಕಡೆ ಬಯಲಿಗೆ ಗ್ರಿಡ್ ಸಾಕು, ಖಾನಾಪುರ ಪಶ್ಚಿಮಕ್ಕ ಸಾಲೂದಿಲ್ಲ.

ಇನ್ನೊಂದು ಸಣ್ಣ ಕಾಣೂ ದೊಡ್ಡ ದೋಷ. ಮಾಪಕ ಓದದ ಇದ್ದ ದಿನಕ್ಕ ಎಕ್ಸೆಲ್‌ದಾಗ ಖಾಲಿ ಬಿಟ್ಟಿರ್ತಾರ, ಆ ಖಾಲಿ ಯಾವ ಹಂತದಾಗೋ 0 ಆಗಿಬಿಡ್ತೈತಿ. ಆವಾಗ ಮಾಡೆಲ್ ಅವತ್ತು ಮಳಿನ ಇಲ್ಲ ಅಂತ ತಿಳೀತೈತಿ. ಡೇಟಾ ಇಲ್ಲ ಅನ್ನಾಕ -99 ಕೊಡಬೇಕು. ಹಂಗಂತ ತಿಂಗಳುಗಟ್ಟಲೆ -99 ಇದ್ರ ಅದೂ ತ್ರಾಸ, ಆ ಜಾಗಾಕ್ಕ ಸ್ವಾಟ್‌ನ ವೆದರ್ ಜನರೇಟರ್ ತಾನ ಹುಟ್ಟಿಸಿದ ಮಳಿ ತುಂಬತೈತಿ, ಅದು ಅಂಕಿಸಂಖ್ಯೆಗೆ ಸರಿ ಇರಬಹುದು, ಆದ್ರ ಆ ದಿನ ಆ ಊರಾಗ ಬಿದ್ದ ಮಳಿ ಅಲ್ಲ. ಜುಲೈದಾಗ ಹತ್ತು ದಿನ ಓಳಿಯಾಗಿ 0 ಕಂಡ್ರ, ಅದೂ ಕಣಕುಂಬಿ, ಜಾಂಬೋಟಿ ಕಡೆ, ಅನುಮಾನ ಪಡ್ರಿ.

ತಿಂಗಳು ಕೂಡಿ ದಿನ ಕೂಡದಿದ್ರ

ಇದು ಹೆಚ್ಚಾಗಿ ತಾರೀಖಿನ ಗೊಂದಲ. ನಮ್ಮಲ್ಲಿ ಮಳಿ ಓದೂದು ಮುಂಜಾನೆ 8.30ಕ್ಕ, ಅವತ್ತಿನ ತಾರೀಖಿಗೆ ಬರಿಯೂದು ಹಿಂದಿನ ದಿನ 8.30ರಿಂದ ಅವತ್ತು 8.30ರ ತನಕ ಬಿದ್ದ ಮಳಿ. ಅಂದ್ರ 10ನೇ ತಾರೀಖಿನ ಮುಂದ ಬರದ ಮಳಿಯೊಳಗ ಹೆಚ್ಚಿನ ತಾಸು 9ನೇ ತಾರೀಖಿಂದ. ಮಾಡೆಲ್ ಅದನ್ನ 10ನೇ ತಾರೀಖು ಪೂರ್ತಿ ಬಿತ್ತು ಅಂತ ತಗೋತೈತಿ. ಗೇಜಿನ ಹರಿವು ಮುಂಜಾನೆ ಒಮ್ಮಿ ಓದಿದ್ದೋ, ದಿನದ ಸರಾಸರಿಯೋ ಅನ್ನೂದರ ಮ್ಯಾಲೆ ಒಂದು ದಿನ ಹಿಂದ ಮುಂದ ಆಗತೈತಿ. ಪರೀಕ್ಷೆ ಸರಳ ಐತಿ: ಮಾಡೆಲ್ ಗೆರಿನ ಒಂದು ದಿನ ಹಿಂದ, ಒಂದು ದಿನ ಮುಂದ ಸರಿಸಿ ಎನ್‌ಎಸ್‌ಇ ಮತ್ತ ತಗೀರಿ. ಒಂದು ದಿನ ಸರಿಸಿದ ಕೂಡಲೆ ಅಂಕಿ ಜಿಗಿದ್ರ ದೋಷ ತಾರೀಖಿಂದು, ಮಳಿ ಫೈಲಿನ ತಾರೀಖು ಸರಿ ಮಾಡ್ರಿ. ಸರ್ಲ್ಯಾಗ್ (ಹರಿದ ನೀರು ಹೊಳಿಗೆ ಸೇರಾಕ ಆಗೂ ತಡದ ಅಂಕಿ) ತಿರುವಿ ಇದನ್ನ ಸರಿ ಮಾಡಾಕ ಹೋದ್ರ ಪ್ರವಾಹದ ತುದಿ ಚಪ್ಪಟಿ ಆಗತೈತಿ, ದೋಷ ಇದ್ದಲ್ಲೇ ಇರ್ತೈತಿ.

ಜೂನ್‌ದಾಗ ಇಲ್ಲದ ಹೊಳಿ ಮಾಡೆಲ್‌ದಾಗ ಬಂದ್ರ

ಖಾನಾಪುರ ಸರಿ ಬಂದು, ಸವದತ್ತಿ ಕೆಳಗ ಅಥವಾ ಬೆಣ್ಣಿಹಳ್ಳದ ಕಡೆ ಕೆಟ್ರ ಮಣ್ಣು ನೋಡ್ರಿ. ಅಲ್ಲೆಲ್ಲಾ ಎರಿ ಭೂಮಿ. ಮೇ ತಿಂಗಳದಾಗ ಎರಿ ಹೊಲದ ಬಿರುಕಿನ್ಯಾಗ ಕೈ ಹಾಕಿದ್ರ ಮೊಣಕೈ ತನಕ ಹೋಗತೈತಿ. ಮಿರಗದ ಮಳಿ ಎಷ್ಟ ಜೋರ್ ಬಂದ್ರೂ ಮೊದಲ ಬಿರುಕು ಕುಡೀತಾವು, ಹಳ್ಳಕ್ಕ ನೀರ ಬರೂದಿಲ್ಲ. ಸೆಪ್ಟೆಂಬರ್ ಹೊತ್ತಿಗೆ ಮಣ್ಣು ಉಬ್ಬಿ ಬಿರುಕು ಮುಚ್ಚಿರ್ತಾವು, ಆವಾಗ ಸಾಧಾರಣ ಮಳಿಗೂ ನೀರ ನಿಂತು ಹರಿದು ಹೋಗತೈತಿ. ಮಾಡೆಲ್‌ದಾಗ ಎರಿ ಮಣ್ಣಿಗೆ ಡಿ ಗುಂಪು (ನೀರ ಭಾಳ ಕಡಿಮಿ ಇಂಗೂ ಮಣ್ಣು) ಅಂತ ಕೊಟ್ಟಿರ್ತೀವಿ, ಸಿಎನ್ ಹೆಚ್ಚು ಇರ್ತೈತಿ, ಅದು ಜೂನ್ ಮೊದಲನೇ ಮಳಿಗೇ ಹೊಳಿ ಹರಿಸಿಬಿಡ್ತೈತಿ. ಹಿಂಗ ಜೂನ್ ಹೆಚ್ಚು, ಸೆಪ್ಟೆಂಬರ್ ಕಡಿಮಿ ಕಂಡ್ರ ಸಿಎನ್ ಒಂದ ಸಮ ಇಳಿಸಬ್ಯಾಡ್ರಿ, ಇಳಿಸಿದ್ರ ಜೂನ್ ಸರಿ ಆಗಿ ಸೆಪ್ಟೆಂಬರ್ ಇನ್ನೂ ಕೆಡ್ತೈತಿ. ಬೇಸಿನ್ ಫೈಲ್‌ದಾಗ ಐಸಿಆರ್‌ಕೆ ಅನ್ನೂದು 0 ಇರ್ತೈತಿ, ಅದನ್ನ 1 ಮಾಡ್ರಿ, ಮಣ್ಣಿನ ಫೈಲ್‌ದಾಗ ಸೋಲ್ ಕ್ರ್ಯಾಕ್ ಬೆಲಿ ತುಂಬ್ರಿ, ಆವಾಗ ಮಾಡೆಲ್ ಬಿರುಕಿನ ನೀರನ್ನ ಬ್ಯಾರೆ ಲೆಕ್ಕ ಹಿಡೀತೈತಿ. ಎಷ್ಟೋ ಮಂದಿ ಈ ಸ್ವಿಚ್ ಐತಿ ಅನ್ನೂದ ನೋಡಿರೂದಿಲ್ಲ, ಯಾಕಂದ್ರ ಮೊದಲ ಇದ್ದದ್ದು ಬಂದ್ ಇರ್ತೈತಿ. ಕೈಯಿಂದ ಸಿಎನ್ ಲೆಕ್ಕ ಮಾಡೋರಿಗೂ ಇದ ಮಾತು, ನಮ್ಮ ದೇಶದ ಪದ್ಧತಿಯೊಳಗ ಎರಿ ಮಣ್ಣು ಒದ್ದಿ ಇದ್ದಾಗ ಮೊದಲ ಹಿಡಿಯೂ ನೀರು 0.1 ಎಸ್, ಒಣಗಿದ್ದಾಗ 0.3 ಎಸ್ ಅಂತ ಬ್ಯಾರೆ ಬ್ಯಾರೆ ತಗೋತಾರ (ಎಸ್ ಅಂದ್ರ ಮಣ್ಣು ಹೆಚ್ಚಂದ್ರ ಎಷ್ಟು ನೀರ ಹಿಡೀಬಹುದು ಅನ್ನೂದು). ಅಮೆರಿಕದ 0.2 ಹಂಗ ತಂದು ಎರಡೂ ಕಾಲಕ್ಕ ಹಚ್ಚಬಾರದು.

ವಿಜಯಪುರದ ಡೋಣಿ ಹೊಳಿ ಮಾಡೆಲ್ ಮಾಡೋರು ಇದೊಂದು ಭಾಗ ಎರಡು ಸಲ ಓದ್ರಿ, ಅಲ್ಲಿ ಹೆಚ್ಚುಕಡಿಮಿ ಎಲ್ಲಾ ಎರಿನ.

ಡ್ಯಾಮಿನ ಕೆಳಗ

ಬದಾಮಿ ಹತ್ರದ ಚೊಳಚಗುಡ್ಡ ಗೇಜಿಗೆ ಮಾಡೆಲ್ ಕೂಡಿಸಾಕ ಹೋಗಿ ತಿಂಗಳುಗಟ್ಟಲೆ ಕಳಕೊಂಡೋರು ಅದಾರ. ಅಲ್ಲಿ ಬರೂ ನೀರು ಮಳಿ ನಿರ್ಧಾರ ಮಾಡಿದ್ದಲ್ಲ, ನವಿಲುತೀರ್ಥದಾಗ ಮನುಷ್ಯಾರು ಗೇಟ್ ಎಷ್ಟು ತೆಗೆದ್ರು ಅನ್ನೂದು ನಿರ್ಧಾರ ಮಾಡಿದ್ದು. ನಡುವ ಎಡದಂಡಿ ಬಲದಂಡಿ ಕಾಲುವಿಗೆ ನೀರ ಹೋಗಿರ್ತೈತಿ, ಹುಬ್ಬಳ್ಳಿ-ಧಾರವಾಡಕ್ಕ ಕುಡಿಯೂ ನೀರ ಎತ್ತಿರ್ತಾರ. ಸ್ವಾಟ್‌ಗೆ ತಿಂಗಳ ಸರಾಸರಿ ಬಿಡುಗಡೆ ಕೊಟ್ರ ಒಂದು ತಿಂಗಳ ನೀರನ್ನ ಸಮ ಹಂಚಿ ಬಿಡ್ತೈತಿ. 2019ರ ಆಗಸ್ಟ್‌ದಾಗ ಪಟ್ಟದಕಲ್ಲಿನ ಗುಡಿಗಳ ತನಕ ನೀರ ಹೊಕ್ಕಿತ್ತಲ್ಲ, ಅಂಥಾ ಪ್ರವಾಹ ಸರಾಸರಿ ಬಿಡುಗಡೆಯಿಂದ ಯಾವತ್ತೂ ಮಾಡೆಲ್‌ದಾಗ ಕಾಣೂದಿಲ್ಲ. ನನ್ನ ಅಭಿಪ್ರಾಯ ಇಷ್ಟ: ಕೆಳಗಿನ ಭಾಗ ಬೇಕು ಅಂದ್ರ ಮಾಡೆಲ್ ಡ್ಯಾಮಿನ ಹತ್ರ ಕಡೀರಿ, ದಿನದ ಹೊರಹರಿವು ಎಷ್ಟಿತ್ತು ಅದನ್ನ ಇನ್‌ಲೆಟ್ ಅಂತ ಕೊಡ್ರಿ, ಬೆಣ್ಣಿಹಳ್ಳ, ಹಿರೇಹಳ್ಳ ಮಾತ್ರ ಮಾಡೆಲ್ ಲೆಕ್ಕ ಮಾಡ್ಲಿ. ಡ್ಯಾಮ್ ನಡಿಸೂ ನಿಯಮಾನ ಮಾಡೆಲ್‌ಗೆ ಕಲಿಸೂದು ಬ್ಯಾರೆ ಕೆಲಸ, ಅದನ್ನ ಬ್ಯಾರೆ ಮಾಡ್ರಿ, ಎರಡೂ ಕೂಡಿಸಿದ್ರ ಯಾವುದು ತಪ್ಪು ಅಂತ ಬಿಡಿಸಾಕ ಬರೂದಿಲ್ಲ.

ಡ್ಯಾಮಿನ ಒಳಹರಿವಿಗೆ ಕ್ಯಾಲಿಬ್ರೇಟ್ ಮಾಡೋರು ಒಂದು ವಿಷಯ ತಿಳಕೋಬೇಕು. ಒಳಹರಿವು ಯಾರೂ ಅಳದಿದ್ದಲ್ಲ, ಮಟ್ಟದ ಏರಿಳಿತಕ್ಕ ಹೊರಹರಿವು, ಆವಿ ಕೂಡಿಸಿ ಹಿಂದಿನಿಂದ ತಗದ ಲೆಕ್ಕ. ನೀರಿನ ಹರವು 100 ಚದರ ಕಿಲೋಮೀಟರ್ ಇದ್ದಾಗ ಗಾಳಿಗೆ ತೆರಿ ಎದ್ದು ಮಟ್ಟ 1 ಸೆಂಟಿಮೀಟರ್ ತಪ್ಪು ಓದಿದ್ರ 10 ಲಕ್ಷ ಘನ ಮೀಟರ್ ತಪ್ಪಾತು, ಆ ದಿನದ ಒಳಹರಿವು 400 ಕ್ಯೂಸೆಕ್ ಮ್ಯಾಲೆ ಹೆಚ್ಚುಕಡಿಮಿ ಆತು. ಅದಕ್ಕ ಕೆಲವು ದಿನ ಒಳಹರಿವು ಮೈನಸ್ ಬರೂದು. ಮೈನಸ್ ಅಳಿಸಿ 0 ಮಾಡಬ್ಯಾಡ್ರಿ, ಹಂಗ ಮಾಡಿದ್ರ ಒಟ್ಟು ನೀರ ಸುಳ್ಳ ಏರ್ತೈತಿ, ಐದು ಅಥವಾ ಹತ್ತು ದಿನದ ಸರಾಸರಿ ತಗೊಂಡು ತಾಳೆ ನೋಡ್ರಿ.

ಕೂಡಲಸಂಗಮದ ಹತ್ರ ನೀರಿನ ಮಟ್ಟ ಬೇಕಾದ್ರ ಸ್ವಾಟ್ ಬಿಟ್ಟು ಹೆಕ್-ರಾಸ್ (ನದಿ ನೀರಿನ ಮಟ್ಟದ ಲೆಕ್ಕ ಹಾಕೂ ಸಾಫ್ಟ್‌ವೇರ್) ತಗೋರಿ, ಯಾಕಂದ್ರ ಅಲ್ಲಿ ನಾರಾಯಣಪುರ ಡ್ಯಾಮಿನ ಹಿನ್ನೀರು ಬಂದು ನಿಂತಿರ್ತೈತಿ, ತುಂಬಿದ ಮಟ್ಟ 492.25 ಮೀಟರ್. ಹೆಕ್-ರಾಸ್‌ದಾಗೂ ಕೆಳಗಿನ ಬೌಂಡರಿಗೆ ನಾರ್ಮಲ್ ಡೆಪ್ತ್ (ನದಿ ಇಳಿಜಾರಿನಿಂದ ಲೆಕ್ಕ ಹಾಕಿದ ಆಳ) ಕೊಟ್ರ ತಪ್ಪು ಬರ್ತೈತಿ, ಆ ಡ್ಯಾಮಿನ ದಿನದ ಮಟ್ಟ ಕೊಡಬೇಕು. ಎತ್ತರದ ಡೇಟಾ ಎರಡು ಕಡೆಯಿಂದ ತಂದು ಕೂಡಿಸೂ ಮುಂದ ಹುಷಾರ್, ಎಸ್‌ಆರ್‌ಟಿಎಂ ಸಮುದ್ರಮಟ್ಟದ ಲೆಕ್ಕ, ಕಾರ್ಟೋಡೆಮ್ ಎಲಿಪ್ಸಾಯ್ಡ್ (ಗಣಿತದಾಗ ಹಿಡದ ಭೂಮಿ ಆಕಾರ) ಲೆಕ್ಕ, ನಮ್ಮ ಭಾಗದಾಗ ಎರಡರ ನಡುವ ಹತ್ತಾರು ಮೀಟರ್ ಫರಕ ಐತಿ. ಎಸ್‌ಆರ್‌ಟಿಎಂ 2000ದ ಫೆಬ್ರುವರಿಯೊಳಗ ತಗದಿದ್ದು, ಆವಾಗ ಡ್ಯಾಮಿನ್ಯಾಗ ನಿಂತಿದ್ದ ನೀರಿನ ಮೈ ಅಷ್ಟ ಅದರಾಗ ಕಾಣತೈತಿ, ತಳ ಕಾಣೂದಿಲ್ಲ. ನವಲಗುಂದ ಕಡೆ ಸಪಾಟ ಎರಿ ಬಯಲಿನ್ಯಾಗ ಜಲಾನಯನದ ಗಡಿ ಅಡ್ಡಾದಿಡ್ಡಿ ಬರ್ತೈತಿ, ಇಡೀ ಮಲಪ್ರಭಾ ಕೊಳ್ಳ 11,549 ಚದರ ಕಿಲೋಮೀಟರ್, ನಿಮ್ಮದು ಇದಕ್ಕ ಭಾಳ ದೂರ ಇದ್ರ ನದಿ ಗೆರಿ ಬರ್ನ್ ಮಾಡಿ (ಎತ್ತರದ ಡೇಟಾದಾಗ ನದಿ ಜಾಡು ಕೊರದು) ಮತ್ತ ತಗೀರಿ.

ಮಳಿಗಾಲ ಸರಿ, ಆಮ್ಯಾಲೆ ಕೆಟ್ರ

ಮಳಿ ನಿಂತ ಮ್ಯಾಲೆ ನದಿ ಹರಿವು ಮೆಲ್ಲಕ ಇಳೀಬೇಕು, ಗೇಜಿನ ಗೆರಿ ಒಮ್ಮಿಂದೊಮ್ಮೆ ಧಪ್ ಅಂತ ಇಳಿದ್ರ ಅದು ಅಂತರ್ಜಲದ ಕೆಲಸಾ ಅಲ್ಲ. ಮ್ಯಾಲೆ ಎಲ್ಲೋ ಬಾಂದಾರಕ್ಕ ಹಲಗಿ ಹಾಕ್ಯಾರ, ಅದು ತುಂಬೂ ತನಕ ಕೆಳಗ ನೀರಿಲ್ಲ. ಆಮ್ಯಾಲೆ ದಂಡಿ ಮ್ಯಾಲಿನ ಪಂಪ್‌ಸೆಟ್ ಕಬ್ಬಿಗೆ ನೀರ ಎತ್ತತಾವು. ಇದನ್ನ ಕೂಡಿಸಾಕ ಜಿಡಬ್ಲ್ಯು ಡಿಲೇ, ಆಲ್ಫಾ ಬಿಎಫ್ ಅನ್ನೂ ಅಂತರ್ಜಲದ ಅಂಕಿ ತಿರುವಿದ್ರ ನೆಲದಾಗಿನ ನೀರಿನ ಲೆಕ್ಕಾನ ಕೆಟ್ಟು ಹೋಗತೈತಿ. ಹೊಳಿ ದಂಡಿ ಊರಿಗೆ ಹೋಗಿ ಹಲಗಿ ಯಾವಾಗ ಹಾಕ್ತೀರಿ ಅಂತ ಒಬ್ಬ ರೈತಗ ಕೇಳ್ರಿ, ಕಂಪ್ಯೂಟರ್ ಮುಂದ ಕುಂತು ಹುಡುಕೂಕಿಂತ ಬೇಗ ಉತ್ತರ ಸಿಗತೈತಿ. ಆ ತಿಂಗಳಿಗೆ ನೀರ ಬಳಕಿ ಫೈಲ್‌ದಾಗ ಅಂಕಿ ತುಂಬ್ರಿ. ಡ್ಯಾಮಿನ ಕೆಳಗ ಇದರ ಉಲ್ಟಾ ಆಗತೈತಿ, ಬ್ಯಾಸಗಿಯೊಳಗೂ ಹಳ್ಳದಾಗ ನೀರ ಕಾಣತೈತಿ, ಅದು ಕಾಲುವಿ ನೀರ ಹೊಲದಿಂದ ಬಸದು ಬಂದಿದ್ದು.

ಇಷ್ಟಾದ ಮ್ಯಾಲೆ ಕ್ಯಾಲಿಬ್ರೇಷನ್

ಈಗ ಸ್ವಾಟ್-ಕಪ್ ತಗೀರಿ, ಅದರಾಗಿನ ಸುಫಿ-2 ಅನ್ನೂ ಪದ್ಧತಿ ಹಚ್ಚರಿ. ಯಾವುದಾದ್ರೂ ಪ್ಯಾರಾಮೀಟರ್ ಮಿತಿಯ ಅಂಚಿಗೆ ಹೋಗಿ ಕುಂತ್ರ ಮಿತಿ ಅಗಲ ಮಾಡಬ್ಯಾಡ್ರಿ, ಮತ್ತ ಮ್ಯಾಲಿಂದ ಮಳಿ ಲೆಕ್ಕಕ್ಕ ಹೋಗ್ರಿ, ಏನೋ ಉಳಕೊಂಡೇತಿ. ತಿಂಗಳ ಲೆಕ್ಕಕ್ಕ ಎನ್‌ಎಸ್‌ಇ 0.5 ಮ್ಯಾಲೆ, ಪಿಬಯಾಸ್ (ಒಟ್ಟು ನೀರಿನ ಫರಕ) 25 ಪರ್ಸೆಂಟ್ ಒಳಗ ಇದ್ರ ನಡೀತೈತಿ ಅಂತಾರ, ಆದ್ರ ಎನ್‌ಎಸ್‌ಇ ದೊಡ್ಡ ಹರಿವಿನ ಕಡೆ ವಾಲತೈತಿ, ನಾಲ್ಕು ಪ್ರವಾಹ ಹಿಡದ್ರ ಸಾಕು ಅಂಕಿ ಚಲೋ ಬರ್ತೈತಿ. ಬರಗಾಲದ ವರ್ಷ ಬ್ಯಾರೆ, ಮಳಿ ಚಲೋ ಆದ ವರ್ಷ ಬ್ಯಾರೆ ತಗದು ಎರಡಕ್ಕೂ ಪಿಬಯಾಸ್ ನೋಡ್ರಿ, ಒಂದರಾಗ ಪ್ಲಸ್ ಇನ್ನೊಂದರಾಗ ಮೈನಸ್ ಬಂದು ಕೂಡಿಸಿದಾಗ ಸೊನ್ನಿ ಆಗಿದ್ರ ಮಾಡೆಲ್ ಸರಿ ಇಲ್ಲ.

ಎಲ್ಲಾ ಕೂಡಿ ಅತಿ ದೊಡ್ಡ ಪ್ರವಾಹದ ತುದಿ ಅಷ್ಟ ಕೂಡದಿದ್ರ ಅಲ್ಲಿಗೆ ಬಿಡ್ರಿ. ಗೇಜಿನ್ಯಾಗ ಅಳಿಯೂದು ನೀರಿನ ಮಟ್ಟ, ಮಟ್ಟದಿಂದ ಹರಿವು ತೆಗಿಯೂದು ರೇಟಿಂಗ್ ಕರ್ವ್‌ನಿಂದ. ಹೊಳಿ ದಂಡಿ ಮೀರಿ ಹೊಲಕ್ಕ ಹೊಕ್ಕಾಗ ಯಾರೂ ಅಲ್ಲಿ ನಿಂತು ವೇಗ ಅಳದಿರೂದಿಲ್ಲ, ಕರ್ವ್ ಮ್ಯಾಲಕ್ಕ ಎಳದು ಅಂದಾಜು ಮಾಡಿರ್ತಾರ. ಅಂಥಾ ದಿನಕ್ಕ ಹರಿವಿನ ಬದಲಿ ಮಟ್ಟ, ತಾಸು, ಯಾವ ಊರಿಗೆ ನೀರ ಎಲ್ಲಿ ತನಕ ಬಂದಿತ್ತು ಅನ್ನೂ ಗುರುತಿಗೆ ತಾಳೆ ನೋಡ್ರಿ, ಗ್ವಾಡಿ ಮ್ಯಾಲಿನ ನೀರಿನ ಗುರುತು ಊರ ಮಂದಿ ತೋರಸ್ತಾರ.